ಡೆತ್ ಕೆಫೆ: ಮರಣದ ಬಗ್ಗೆ ಅಪರಿಚಿತರು ಮನಬಿಚ್ಚಿ ಮಾತನಾಡುವ ಕೂಟಗಳು

ಡೆತ್ ಕೆಫೆ ಎಂದರೆ ಒಬ್ಬರಿಗೊಬ್ಬರು ಪರಿಚಯವಿಲ್ಲದ ಕೆಲವರು ಒಂದೆಡೆ ಸೇರಿ, ಚಹಾ ಮತ್ತು ತಿಂಡಿಯ ಜೊತೆಗೆ ಮರಣದ ಬಗ್ಗೆ ಮುಕ್ತವಾಗಿ ಮಾತನಾಡುವ ಕೂಟ. ಹೆಸರಿನಲ್ಲಿ ಕೆಫೆ ಎಂದಿದ್ದರೂ ಇದು ಹೋಟೆಲು ಅಲ್ಲ. ಯಾರದೋ ಮನೆಯ ಹಜಾರ, ಗ್ರಂಥಾಲಯದ ಕೊಠಡಿ, ಸಮುದಾಯ ಭವನ, ಕಾಫಿ ಅಂಗಡಿಯ ಒಂದು ಮೂಲೆ, ಎಲ್ಲಿ ಬೇಕಾದರೂ ಇದು ನಡೆಯಬಹುದು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆಯ ಅವಧಿ. ವೇದಿಕೆ, ಭಾಷಣ, ಠರಾವು ಯಾವುದೂ ಇರುವುದಿಲ್ಲ.

2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಈ ಪದ್ಧತಿ 2011ರಲ್ಲಿ ಲಂಡನ್ನಿನಲ್ಲಿ ಇಂದಿನ ರೂಪ ಪಡೆಯಿತು. ಈಗ 80ಕ್ಕೂ ಹೆಚ್ಚು ದೇಶಗಳಲ್ಲಿ ಇಂತಹ ಕೂಟಗಳು ನಡೆದಿವೆ. ಭಾರತದ ನಗರಗಳೂ ಅವುಗಳಲ್ಲಿ ಸೇರಿವೆ. ಹೆಸರು ಕೇಳಿದವರಲ್ಲಿ ಸಹಜವಾಗಿ ಕೆಲವು ಪ್ರಶ್ನೆಗಳು ಮೂಡುತ್ತವೆ. ಇದು ದುಃಖಿತರಿಗೆ ಸಾಂತ್ವನ ಹೇಳುವ ಸಭೆಯೇ? ದಯಾಮರಣದ ಪ್ರಚಾರವೇ? ನಮ್ಮ ಸಲ್ಲೇಖನ ವ್ರತಕ್ಕೂ ಇದಕ್ಕೂ ಸಂಬಂಧವಿದೆಯೇ? ಈ ಕೂಟಗಳ ಇತಿಹಾಸ, ನಿಯಮ ಮತ್ತು ಮಿತಿಗಳನ್ನೂ, ಜೈನ ಕುಟುಂಬಗಳು ಇದರಿಂದ ಗ್ರಹಿಸಬಹುದಾದ ಅಂಶಗಳನ್ನೂ ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಮೂಲ: ಸ್ವಿಟ್ಜರ್ಲೆಂಡಿನ ಕೆಫೆ ಮೋರ್ಟೆಲ್

ಈ ಕೂಟಗಳ ಮೂಲಪುರುಷ ಬರ್ನಾರ್ ಕ್ರೆಟಾ (1938–2022). ಇವರು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತ ಪ್ರದೇಶವಾದ ವಾಲೆ ಪ್ರಾಂತ್ಯದ ಸಮಾಜಶಾಸ್ತ್ರಜ್ಞರು. ಜಿನೀವಾದ ಜನಾಂಗಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಾ, ಬೆಟ್ಟದ ಹಳ್ಳಿಗಳ ಆಚಾರ ವಿಚಾರಗಳನ್ನು, ಅದರಲ್ಲೂ ಸಾವಿನ ಸುತ್ತಲಿನ ಪದ್ಧತಿಗಳನ್ನು ದೀರ್ಘಕಾಲ ಅಧ್ಯಯನ ಮಾಡಿದವರು. 1982ರಲ್ಲಿ ಫ್ರೆಂಚ್ ಭಾಷಿಕ ಸ್ವಿಟ್ಜರ್ಲೆಂಡಿನಲ್ಲಿ ಮರಣ ಅಧ್ಯಯನಕ್ಕಾಗಿಯೇ ಒಂದು ಸಂಘವನ್ನು ಸ್ಥಾಪಿಸಿದವರಲ್ಲಿ ಇವರೂ, ಇವರ ಪತ್ನಿ ಇವಾನ್ ಪ್ರೈಸ್ವೆರ್ಕ್ ಅವರೂ ಪ್ರಮುಖರು. ಇವಾನ್ ಅವರೂ ಮಾನವಶಾಸ್ತ್ರಜ್ಞೆ. ಶವಸಂಸ್ಕಾರದ ನಂತರ ಊರವರು ಒಟ್ಟಾಗಿ ಕುಳಿತು ಮಾಡುವ ಊಟದ ಪದ್ಧತಿಯ ಬಗ್ಗೆ ಅವರು 1983ರಲ್ಲಿ ಒಂದು ಪುಸ್ತಕ ಪ್ರಕಟಿಸಿದ್ದರು. 1999ರಲ್ಲಿ ಅವರು ತೀರಿಕೊಂಡರು. ಬದುಕಿನುದ್ದಕ್ಕೂ ಸಾವಿನ ಬಗ್ಗೆ ಬರೆದ ವಿದ್ವಾಂಸನಿಗೆ ಸಾವು ಆಗ ಮನೆಯ ವಿಷಯವಾಯಿತು.

ಹಳ್ಳಿಗಳಲ್ಲಿ ಆ ಊಟದ ಪಂಕ್ತಿಗೆ ಒಂದು ಕೆಲಸವಿತ್ತು ಎಂಬುದನ್ನು ಕ್ರೆಟಾ ಕಂಡಿದ್ದರು. ಮಣ್ಣು ಮಾಡಿ ಬಂದ ಜನ ಒಂದೇ ಮೇಜಿನ ಸುತ್ತ ಕುಳಿತು ಸತ್ತವರ ಬಗ್ಗೆ ಮಾತನಾಡುತ್ತಿದ್ದರು. ಅಲ್ಲಿ ಅಳುವೂ ಇತ್ತು, ನಗುವೂ ಇತ್ತು, ಹಳೆಯ ಜಗಳದ ನೆನಪೂ ಇತ್ತು. ನಗರ ಜೀವನದಲ್ಲಿ ಈ ಪಂಕ್ತಿ ಮರೆಯಾಯಿತು. ಸಾವು ಆಸ್ಪತ್ರೆಗೆ ಸೇರಿತು, ಸಂಸ್ಕಾರ ವೃತ್ತಿನಿರತರ ಕೈಗೆ ಹೋಯಿತು, ಮಾತು ನಿಂತಿತು. ಕಳೆದುಹೋದ ಆ ಪಂಕ್ತಿಯನ್ನು ಊರಿನ ಸಾಮಾನ್ಯ ಕೆಫೆಯಲ್ಲಿ ಮತ್ತೆ ಕೂಡಿಸಬಹುದೇ ಎಂಬ ಪ್ರಯತ್ನವೇ ಕೆಫೆ ಮೋರ್ಟೆಲ್, ಅಂದರೆ ಮರಣದ ಕೆಫೆ. ಮೊದಲನೆಯದು 2004ರಲ್ಲಿ ನ್ಯೂಷಾಟೆಲ್ ನಗರದಲ್ಲಿ ನಡೆಯಿತು. ಬಂದವರಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಪಂಡಿತರಲ್ಲ. ಮಾತನಾಡಬೇಕೆಂದವರು ಮಾತನಾಡಬಹುದು, ಸುಮ್ಮನಿರಬೇಕೆಂದವರು ಸುಮ್ಮನಿರಬಹುದು. ಇದೇ ಅದರ ರೀತಿ. ಸಾವಿನ ಸುತ್ತ ಕಟ್ಟಿಕೊಂಡಿರುವ ಗುಟ್ಟು ಮನುಷ್ಯರನ್ನು ಒಳಗೊಳಗೇ ಸುಡುತ್ತದೆ ಎಂಬುದು ಕ್ರೆಟಾ ಅವರ ದೃಢ ಅಭಿಪ್ರಾಯವಾಗಿತ್ತು. ತಮ್ಮ ಅನುಭವಗಳನ್ನು ಅವರು 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಲಂಡನ್: ಜಾನ್ ಅಂಡರ್‌ವುಡ್

2010ರಲ್ಲಿ ಕ್ರೆಟಾ ಪ್ಯಾರಿಸ್‌ನಲ್ಲಿ ನಡೆಸಿದ ಕೂಟದ ವರದಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಬಂತು. ಅದನ್ನು ಓದಿದವರಲ್ಲಿ ಜಾನ್ ಅಂಡರ್‌ವುಡ್ ಒಬ್ಬರು. ಲಂಡನ್ನಿನ ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡಿದ್ದ ಅವರು ಬೌದ್ಧ ಧ್ಯಾನ ಪದ್ಧತಿಯಲ್ಲಿ ಆಸಕ್ತಿ ಹೊಂದಿದ್ದರು. 2011ರ ಸೆಪ್ಟೆಂಬರಿನಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿರುವ ತಮ್ಮ ಮನೆಯಲ್ಲೇ ಮೊದಲ ಡೆತ್ ಕೆಫೆ ಏರ್ಪಡಿಸಿದರು. ಅವರ ತಾಯಿ ಸೂ ಬಾರ್ಸ್ಕಿ ರೀಡ್ ವೃತ್ತಿಯಿಂದ ಮನೋಚಿಕಿತ್ಸಕಿ. ಮೊದಲ ಕೂಟವನ್ನು ನಡೆಸಿಕೊಟ್ಟವರು ಅವರೇ. 2012ರಲ್ಲಿ ತಾಯಿ-ಮಗ ಸೇರಿ ಒಂದು ಮಾರ್ಗದರ್ಶಿ ಬರೆದು, ಯಾರು ಬೇಕಾದರೂ ತಮ್ಮ ಊರಿನಲ್ಲಿ ನಡೆಸಬಹುದು ಎಂದು ಉಚಿತವಾಗಿ ಕೊಟ್ಟರು. ಅದೇ ವರ್ಷ ಅಮೆರಿಕದ ಓಹಾಯೋ ರಾಜ್ಯದಲ್ಲಿ ಹಾಸ್ಪಿಸ್ ಕ್ಷೇತ್ರದ ಸಮಾಜ ಕಾರ್ಯಕರ್ತೆ ಲಿಜ್ಜಿ ಮೈಲ್ಸ್ ಆ ದೇಶದ ಮೊದಲ ಕೂಟ ನಡೆಸಿದರು.

2017ರ ಜೂನ್ 27ರಂದು ಅಂಡರ್‌ವುಡ್ ಹಠಾತ್ತನೆ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಯಾರಿಗೂ ಗೊತ್ತಾಗದೆ ಇದ್ದ ರಕ್ತದ ಕ್ಯಾನ್ಸರಿನಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಸಾವಿನ ಬಗ್ಗೆ ಸಮಯವಿರುವಾಗಲೇ ಮಾತನಾಡಿ ಎಂದು ಆರು ವರ್ಷ ಹೇಳಿದ ವ್ಯಕ್ತಿಗೆ ಒಂದು ವಾರದ ಮುನ್ಸೂಚನೆಯೂ ಸಿಗಲಿಲ್ಲ. ಅವರ ನಂತರ ತಾಯಿ ಮತ್ತು ಸಹೋದರಿ ಈ ಕೆಲಸವನ್ನು ಮುಂದುವರಿಸಿದರು. ಅದಕ್ಕೊಂದು ಕೇಂದ್ರ ಕಚೇರಿಯಾಗಲಿ, ಸದಸ್ಯತ್ವ ಶುಲ್ಕವಾಗಲಿ ಇಲ್ಲದಿದ್ದ ಕಾರಣ ಸಂಸ್ಥಾಪಕರ ಮರಣದಿಂದ ಕೂಟಗಳು ನಿಲ್ಲಲಿಲ್ಲ. 2020ರಲ್ಲಿ ಕೊರೋನಾ ಸಮಯದಲ್ಲಿ ಅನೇಕ ಕಡೆ ಇವು ಆನ್‌ಲೈನ್ ಮೂಲಕವೂ ನಡೆದವು.

ನಾಲ್ಕು ನಿಯಮಗಳು

ಡೆತ್ ಕೆಫೆ ಎಂಬ ಹೆಸರು ಬಳಸುವವರು ನಾಲ್ಕು ನಿಯಮಗಳಿಗೆ ಒಪ್ಪಬೇಕು.

1. ಲಾಭದ ಉದ್ದೇಶ ಇರಬಾರದು. ಜಾಗದ ಬಾಡಿಗೆ, ತಿಂಡಿಯ ಖರ್ಚಿಗಾಗಿ ಕಾಣಿಕೆ ಪಡೆಯಬಹುದು, ಗಳಿಕೆಗಾಗಿ ನಡೆಸುವಂತಿಲ್ಲ.

2. ಎಲ್ಲರಿಗೂ ಪ್ರವೇಶವಿರಬೇಕು, ಪರಸ್ಪರ ಗೌರವವಿರಬೇಕು, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಜಾತಿ, ಮತ, ವಯಸ್ಸು ಯಾವುದೂ ಅಡ್ಡಿಯಲ್ಲ. ಪುನರ್ಜನ್ಮ ನಂಬುವವರು, ಸ್ವರ್ಗ ನಂಬುವವರು, ಏನನ್ನೂ ನಂಬದವರು ಒಂದೇ ಮೇಜಿಗೆ ಬರಬಹುದು.

3. ಬಂದವರನ್ನು ಯಾವುದೇ ತೀರ್ಮಾನ, ಉತ್ಪನ್ನ ಅಥವಾ ಕ್ರಮದ ಕಡೆಗೆ ಕರೆದೊಯ್ಯುವಂತಿಲ್ಲ. ವಿಮೆ ಮಾರುವಂತಿಲ್ಲ, ಶವಸಂಸ್ಕಾರ ಸೇವೆಯ ಚೀಟಿ ಹಂಚುವಂತಿಲ್ಲ, ಧರ್ಮಪ್ರಚಾರ ಮಾಡುವಂತಿಲ್ಲ, ದಯಾಮರಣದ ಪರವಾಗಿ ಅಥವಾ ವಿರುದ್ಧವಾಗಿ ಸಹಿ ಸಂಗ್ರಹಿಸುವಂತಿಲ್ಲ.

4. ಕುಡಿಯಲು, ತಿನ್ನಲು ಏನಾದರೂ ಇರಬೇಕು. ಮೂಲ ಮಾರ್ಗದರ್ಶಿ ಕೇಕನ್ನು ಹೆಸರಿಸುತ್ತದೆ.

ಇವುಗಳಲ್ಲಿ ಮೂರನೆಯದೇ ಪ್ರಾಣ. ಸಾವಿನ ಭಯವಿರುವ ಮನುಷ್ಯನಿಗೆ ಏನನ್ನಾದರೂ ಮಾರುವುದು ಸುಲಭ. ಅಂಥವರ ಬಳಿ ಬರುವ ಬಹುತೇಕ ಜನರಿಗೆ ತಮ್ಮದೇ ಒಂದು ಉತ್ತರ ಇರುತ್ತದೆ: ವೈದ್ಯರಿಗೆ ಚಿಕಿತ್ಸೆ, ಏಜೆಂಟರಿಗೆ ಪಾಲಿಸಿ, ಬಂಧುಗಳಿಗೆ ಸಲಹೆ. ಯಾರಿಗೂ ಏನೂ ಬೇಕಿಲ್ಲದ ಎರಡು ಗಂಟೆ ಸಿಕ್ಕರೆ ಜನ ನಿಜವನ್ನು ಹೇಳುತ್ತಾರೆ ಎಂಬುದು ಈ ನಿಯಮದ ಹಿಂದಿನ ತಿಳಿವಳಿಕೆ. ನಾಲ್ಕನೆಯದು ನೋಡಲು ಚಿಕ್ಕದು. ಆದರೆ ಕೈಯಲ್ಲಿ ಲೋಟವಿದ್ದಾಗ ಮೌನ ಭಾರವಾಗುವುದಿಲ್ಲ, ಪಕ್ಕದವರಿಗೆ ತಟ್ಟೆ ಸರಿಸುವುದೇ ಪರಿಚಯದ ಮೊದಲ ಹೆಜ್ಜೆಯಾಗುತ್ತದೆ. ವಾಲೆ ಪ್ರಾಂತ್ಯದ ಹಳೆಯ ಊಟದ ಪಂಕ್ತಿಯಿಂದ ಉಳಿದುಕೊಂಡು ಬಂದ ಅಂಶ ಇದು.

ಕೂಟ ಹೇಗೆ ನಡೆಯುತ್ತದೆ?

ಬಂದವರು ಐದಾರು ಜನರ ಚಿಕ್ಕ ಗುಂಪುಗಳಾಗಿ ಕುಳಿತುಕೊಳ್ಳುತ್ತಾರೆ. ನಡೆಸುವವರು ನಿಯಮಗಳನ್ನು ಹೇಳಿ, ಬಂದ ಕಾರಣವನ್ನು ಒಂದೆರಡು ಮಾತಿನಲ್ಲಿ ತಿಳಿಸುವಂತೆ ಕೇಳುತ್ತಾರೆ. ಅಲ್ಲಿಂದ ಮುಂದೆ ಕಾರ್ಯಸೂಚಿ ಎಂಬುದಿಲ್ಲ. ಒಬ್ಬರು ತಂದೆಯ ಕೊನೆಯ ವಾರದ ಬಗ್ಗೆ ಹೇಳಬಹುದು. ಇನ್ನೊಬ್ಬರು ತಾವು ಸತ್ತರೆ ಬುದ್ಧಿಮಾಂದ್ಯ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬಹುದು. ಮತ್ತೊಬ್ಬರು ದೇಹದಾನದ ವಿಚಾರ ಎತ್ತಬಹುದು. ಒಂದು ಗುಂಪಿನಲ್ಲಿ ನಗು ಕೇಳಿಸುವಾಗ ಇನ್ನೊಂದರಲ್ಲಿ ಕಣ್ಣೀರು ಇರಬಹುದು. ನಡೆಸುವವರ ಕೆಲಸ ಇಷ್ಟೇ: ಒಬ್ಬರೇ ಮಾತನಾಡುತ್ತಾ ಹೋಗದಂತೆ ನೋಡುವುದು, ಉಪದೇಶ ಶುರುವಾದರೆ ಮೆಲ್ಲಗೆ ತಡೆಯುವುದು, ಹೊತ್ತಿಗೆ ಸರಿಯಾಗಿ ಮುಗಿಸುವುದು. ಕೊನೆಯಲ್ಲಿ ಸಾರಾಂಶ, ನಿರ್ಣಯ ಏನೂ ಇರುವುದಿಲ್ಲ. ಮರಣದ ಅರಿವನ್ನು ಹೆಚ್ಚಿಸಿ, ಸೀಮಿತವಾದ ಈ ಆಯುಷ್ಯವನ್ನು ಸಾರ್ಥಕವಾಗಿ ಬಳಸಲು ನೆರವಾಗುವುದು ಈ ಕೂಟಗಳು ಹೇಳಿಕೊಳ್ಳುವ ಉದ್ದೇಶ.

ಅಪರಿಚಿತರೇ ಏಕೆ?

ಇಷ್ಟು ಆಪ್ತವಾದ ವಿಷಯವನ್ನು ಹೊರಗಿನವರ ಮುಂದೆ ಆಡುವುದು ಮೊದಲಿಗೆ ವಿಚಿತ್ರ ಅನಿಸುತ್ತದೆ. ಇದಕ್ಕೆ ಒಂದು ಹಳೆಯ ಅಧ್ಯಯನ ಒಳ್ಳೆಯ ವಿವರಣೆ ಕೊಡುತ್ತದೆ. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಆಸ್ಪತ್ರೆಗಳಲ್ಲಿ ಸಾಯುತ್ತಿರುವ ರೋಗಿಗಳನ್ನೂ ಅವರ ಸುತ್ತ ಇದ್ದವರನ್ನೂ ಗಮನಿಸಿ 1965ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರು ಕಂಡ ಸ್ಥಿತಿಗಳು ನಾಲ್ಕು. ಮೊದಲನೆಯದರಲ್ಲಿ ರೋಗಿಗೆ ಏನೂ ಗೊತ್ತಿಲ್ಲ, ಉಳಿದವರಿಗೆ ಗೊತ್ತು. ಎರಡನೆಯದರಲ್ಲಿ ರೋಗಿಗೆ ಸಂಶಯವಿದೆ. ಮೂರನೆಯದರಲ್ಲಿ ಎಲ್ಲರಿಗೂ ಗೊತ್ತು, ಆದರೆ ಗೊತ್ತಿಲ್ಲದಂತೆ ಎಲ್ಲರೂ ನಟಿಸುತ್ತಾರೆ. ನಾಲ್ಕನೆಯದರಲ್ಲಿ ಎಲ್ಲರಿಗೂ ಗೊತ್ತು, ಮಾತೂ ಇದೆ.

ಮೂರನೆಯ ಸ್ಥಿತಿ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ಬಯಾಪ್ಸಿ ವರದಿ ಬಂದ ದಿನ ಮಗ ಅದನ್ನು ಫೈಲಿನಲ್ಲಿ ಬಚ್ಚಿಡುತ್ತಾನೆ. ತಂದೆ ಅದನ್ನು ಊಹಿಸಿಯೂ ಕೇಳುವುದಿಲ್ಲ, ಮಗನಿಗೆ ನೋವಾಗುತ್ತದೆ ಎಂದು. ತಾಯಿ ಇಬ್ಬರ ಮುಖ ನೋಡಿ ಅಡುಗೆ ಮನೆಗೆ ಹೋಗುತ್ತಾರೆ. ಮೂವರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದಾರೆ, ಮೂವರೂ ಒಂಟಿ. ಪ್ರೀತಿ ಹೆಚ್ಚಿದ್ದಷ್ಟೂ ಮಾತು ಕಷ್ಟ. ಯಾರಾದರೂ ವಿಷಯ ಎತ್ತಿದರೆ "ಅಪಶಕುನದ ಮಾತು ಬೇಡ, ನೂರು ವರ್ಷ ಬಾಳುತ್ತೀರಿ" ಎಂದು ಬಾಯಿ ಮುಚ್ಚಿಸುವುದು ರೂಢಿ.

ಅಪರಿಚಿತರ ಮುಂದೆ ಈ ಕಾಪಾಡುವ ಹೊರೆ ಇರುವುದಿಲ್ಲ. ನಿಮ್ಮ ಮಾತಿನಿಂದ ಅವರಿಗೆ ಆಸ್ತಿ ಸಿಗುವುದಿಲ್ಲ, ಹೋಗುವುದೂ ಇಲ್ಲ. ಅವರು ನಾಳೆ ನಿಮ್ಮ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ "ನನಗೆ ಭಯವಾಗಿದೆ" ಎಂಬ ಎರಡು ಪದಗಳನ್ನು ಮೊದಲ ಬಾರಿ ಗಟ್ಟಿಯಾಗಿ ಹೇಳಲು ಅದು ಸುಲಭದ ಸ್ಥಳ. ಆದರೆ ಆಸ್ಪತ್ರೆಯಲ್ಲಿ ಸಹಿ ಹಾಕುವವರು ಆ ಅಪರಿಚಿತರಲ್ಲ. ವೆಂಟಿಲೇಟರ್ ಹಾಕಬೇಕೇ ಎಂದು ವೈದ್ಯರು ಕೇಳುವುದು ಮಕ್ಕಳನ್ನು, ಪತಿ ಅಥವಾ ಪತ್ನಿಯನ್ನು. ಅಪರಿಚಿತರೊಂದಿಗೆ ಆಡಿದ ಮಾತು ಮನೆಯೊಳಗೆ ಬಾರದಿದ್ದರೆ ಕೂಟದ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ.

ಮಿತಿಗಳು ಮತ್ತು ಎಚ್ಚರಿಕೆ

ಡೆತ್ ಕೆಫೆ ಚಿಕಿತ್ಸೆಯಲ್ಲ, ಆಪ್ತಸಮಾಲೋಚನೆಯಲ್ಲ. ಇತ್ತೀಚೆಗಷ್ಟೇ ಹತ್ತಿರದವರನ್ನು ಕಳೆದುಕೊಂಡು ತೀವ್ರ ದುಃಖದಲ್ಲಿರುವವರಿಗೆ ಇದು ಸೂಕ್ತ ಸ್ಥಳವಾಗದಿರಬಹುದು. ಅವರಿಗೆ ಬೇಕಾದ ನಿರಂತರ ಆಸರೆಯನ್ನು ಒಂದು ಸಂಜೆಯ ಕೂಟ ಕೊಡಲಾರದು. ಬದುಕೇ ಬೇಡ ಎಂಬ ಯೋಚನೆ ಬರುತ್ತಿರುವವರು ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಕರೆ ಮಾಡಬಹುದು. ಜೊತೆಗೆ, ಮಾತಿನಿಂದ ನೋವು ಶಮನವಾಗುವುದಿಲ್ಲ. ಕ್ಯಾನ್ಸರ್ ರೋಗಿಗೆ ಬೇಕಾದ ಮಾರ್ಫಿನ್, ಗಾಯದ ಆರೈಕೆ, ರಾತ್ರಿ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು, ಇವೆಲ್ಲ ಬೇರೆ ವ್ಯವಸ್ಥೆಯಿಂದ ಬರಬೇಕು.

ಆ ವ್ಯವಸ್ಥೆಗೆ ನಮ್ಮ ನೆರೆಯಲ್ಲೇ ಉತ್ತಮ ಮಾದರಿ ಇದೆ. ಕೇರಳದ ಕೋಳಿಕ್ಕೋಡ್‌ನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಆರಂಭಿಸಿದ ಉಪಶಾಮಕ ಆರೈಕೆಯ ಕೆಲಸ, ಮುಂದೆ ಊರೂರಿನ ಸ್ವಯಂಸೇವಕರು ಮನೆ ಮನೆಗೆ ಹೋಗಿ ಆರೈಕೆ ಮಾಡುವ ಜಾಲವಾಗಿ ಬೆಳೆಯಿತು. 2022ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಮರಣದ ಮೌಲ್ಯ ಕುರಿತ ತನ್ನ ವರದಿಯಲ್ಲಿ ಕೇರಳವನ್ನು ಜಗತ್ತಿಗೆ ಉದಾಹರಣೆಯಾಗಿ ತೋರಿಸಿತು. ಸಾವು ಕುಟುಂಬ ಮತ್ತು ಸಮುದಾಯದ ಕೈಯಿಂದ ಆಸ್ಪತ್ರೆಯ ಕೈಗೆ ಪೂರ್ತಿಯಾಗಿ ಹೋಗಿರುವುದು ಸರಿಯಲ್ಲ ಎಂಬುದು ಆ ವರದಿಯ ಮುಖ್ಯ ಮಾತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ನಡೆಸುವ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಾ ಬಂದಿದೆ.

ಜೈನ ಪರಂಪರೆಯ ಬೆಳಕಿನಲ್ಲಿ

ಮರಣದ ಮಾತು ಜೈನರಿಗೆ ಹೊಸದಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ, ಎರಡನೆಯದು ಅಶರಣ. ಎಲ್ಲವೂ ಅಳಿಯುವಂಥದ್ದು ಮತ್ತು ಸಾವಿನಿಂದ ಕಾಪಾಡುವವರು ಯಾರೂ ಇಲ್ಲ ಎಂಬ ಚಿಂತನೆಯಿಂದಲೇ ಭಾವನೆಗಳ ಪಟ್ಟಿ ಆರಂಭವಾಗುತ್ತದೆ. ಕನ್ನಡದ ಪ್ರಾಚೀನ ಗದ್ಯಕೃತಿ ವಡ್ಡಾರಾಧನೆಯ 19 ಕಥೆಗಳು ಕಷ್ಟ ಉಪಸರ್ಗಗಳ ನಡುವೆ ಸಮಭಾವದಿಂದ ದೇಹ ಬಿಟ್ಟ ಮಹಾಪುರುಷರ ಕಥೆಗಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಕ್ರಿ.ಶ. 600ರಿಂದ ಮುಂದಕ್ಕೆ ಸಮಾಧಿಮರಣದ ಶಾಸನಗಳು ಸಾಲಾಗಿ ಇವೆ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದನ್ನೂ ಅಲ್ಲಿಯ ಶಾಸನ ದಾಖಲಿಸಿದೆ.

ಆದರೂ ಡೆತ್ ಕೆಫೆಯನ್ನು ಸಲ್ಲೇಖನದೊಂದಿಗೆ ಸಮೀಕರಿಸುವುದು ತಪ್ಪು. ಸಲ್ಲೇಖನ ಒಂದು ವ್ರತ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಅದಕ್ಕೆ ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗ ಎಂಬ ಸಂದರ್ಭಗಳನ್ನು ಹೇಳುತ್ತದೆ. ಗುರುವಿನ ಅನುಮತಿ, ಕ್ರಮಕ್ರಮವಾದ ಆಹಾರ ತ್ಯಾಗ, ಕಷಾಯಗಳ ಕ್ಷೀಣತೆ ಎಲ್ಲವೂ ಅಲ್ಲಿ ಇವೆ. ಬದುಕಬೇಕೆಂಬ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯೂ ಅಲ್ಲಿ ಅತಿಚಾರ. ಡೆತ್ ಕೆಫೆಯಲ್ಲಿ ವ್ರತವಿಲ್ಲ, ಗುರುವಿಲ್ಲ, ಗುರಿಯೂ ಇಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಾಗ ಸಮಾಜವು ದೇಶದಾದ್ಯಂತ ಮೌನ ಮೆರವಣಿಗೆ ನಡೆಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಪದಗಳನ್ನು ಕಲಸಿದರೆ ಎಂಥ ಗೊಂದಲವಾಗುತ್ತದೆ ಎಂಬುದು ನಮಗೆ ಅನುಭವದಿಂದ ಗೊತ್ತಿದೆ.

ಹೋಲಿಕೆ ಇರುವುದು ಬೇರೊಂದು ಕಡೆ. ಅದೇ ಶ್ರಾವಕಾಚಾರವು ಸಲ್ಲೇಖನ ಕೈಗೊಳ್ಳುವವನು ಮೊದಲು ಸ್ನೇಹ, ವೈರ, ಸಂಗ, ಪರಿಗ್ರಹಗಳನ್ನು ಬಿಟ್ಟು, ಸ್ವಜನರನ್ನೂ ಪರಿಜನರನ್ನೂ ಕ್ಷಮಿಸಿ, ಪ್ರಿಯವಚನಗಳಿಂದ ಅವರ ಕ್ಷಮೆ ಬೇಡಬೇಕು ಎನ್ನುತ್ತದೆ. ಆಹಾರ ತ್ಯಾಗದ ಮಾತು ಬರುವುದು ಆಮೇಲೆ. ಅಂದರೆ ಮರಣದ ಸಿದ್ಧತೆಯ ಮೊದಲ ಮೆಟ್ಟಿಲು ಕುಟುಂಬದೊಂದಿಗಿನ ಮಾತುಕತೆ. ಭಗವತೀ ಆರಾಧನೆಯು ಕ್ಷಪಕನ ಸೇವೆಗೆ 48 ನಿರ್ಯಾಪಕರನ್ನು ಹೇಳುತ್ತದೆ. ಅವರಲ್ಲಿ ಧರ್ಮಕಥೆ ಹೇಳಿ ಮನಸ್ಸನ್ನು ಸ್ಥಿರವಾಗಿಡುವುದೇ ಕೆಲಸವಾಗಿರುವವರೂ ಇದ್ದಾರೆ. ಸಾಯುವವನು ಮಾತಿಲ್ಲದೆ, ಒಂಟಿಯಾಗಿ ಇರಬಾರದು ಎಂಬ ಕಾಳಜಿ ಇದರಲ್ಲಿದೆ.

ನಮ್ಮ ಮುಂದಿರುವ ಕೊರತೆ ಇಲ್ಲೇ. ಬಸದಿಯಲ್ಲಿ ಅನಿತ್ಯ ಭಾವನೆಯನ್ನು ಬಾಯಿಪಾಠವಾಗಿ ಹೇಳುವ ಮನೆಗಳಲ್ಲೇ ಐಸಿಯು ಬಾಗಿಲ ಮುಂದೆ ಮಕ್ಕಳಿಗೆ "ಅಪ್ಪನಿಗೆ ಏನು ಬೇಕಿತ್ತು?" ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ವ್ರತ ತೆಗೆದುಕೊಳ್ಳಲು ಬಯಸಿದ್ದ ಹಿರಿಯರು ನಾಳಗಳ ನಡುವೆ ಪ್ರಜ್ಞೆಯಿಲ್ಲದೆ ಮಲಗಿರುವಾಗ ಆ ಬಯಕೆ ಯಾರಿಗೂ ತಿಳಿದಿರುವುದಿಲ್ಲ. ಸಿದ್ಧಾಂತ ಇದ್ದ ಮಾತ್ರಕ್ಕೆ ಸಂಭಾಷಣೆ ನಡೆದಂತಾಗುವುದಿಲ್ಲ. ಡೆತ್ ಕೆಫೆಗಳಿಂದ ಕಲಿಯಬೇಕಾದ ಒಂದು ವಿಷಯವಿದ್ದರೆ ಅದು ಇದೇ.

ಕಾನೂನಿನ ಸ್ಥಿತಿ

ಮಾತನ್ನು ಬರಹಕ್ಕೆ ಇಳಿಸಲು ಭಾರತದಲ್ಲಿ ಈಗ ಕಾನೂನಿನ ದಾರಿ ಇದೆ. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿ ಹಿಡಿದು, ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಲು ಅವಕಾಶ ನೀಡಿತು. ರೂಢಿಯಲ್ಲಿ ಇದನ್ನು ಲಿವಿಂಗ್ ವಿಲ್ ಎನ್ನುತ್ತಾರೆ. 2023ರ ಜನವರಿ 24ರಂದು ನ್ಯಾಯಾಲಯ ಕ್ರಮವನ್ನು ಸರಳಗೊಳಿಸಿತು. ಮುಖ್ಯ ಅಂಶಗಳು ಹೀಗಿವೆ:

• 18 ವರ್ಷ ದಾಟಿದ, ಸ್ವಸ್ಥ ಮನಸ್ಸಿನ ಯಾರೇ ಆದರೂ ಸ್ವಇಚ್ಛೆಯಿಂದ ಬರೆಯಬಹುದು.

• ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಬೇಕು.

• ತಮಗೆ ನಿರ್ಧರಿಸುವ ಶಕ್ತಿ ಇಲ್ಲದಾಗ ತಮ್ಮ ಪರವಾಗಿ ಮಾತನಾಡುವವರ ಹೆಸರು ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು.

• ಯಾವಾಗ ಬೇಕಾದರೂ ಅದನ್ನು ಹಿಂಪಡೆಯಬಹುದು, ಬದಲಿಸಬಹುದು.

• ಚೇತರಿಕೆಯ ಭರವಸೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮತ್ತು ದ್ವಿತೀಯ ಮಂಡಳಿ ಎರಡೂ ಪರಿಶೀಲಿಸಿ ಒಪ್ಪಿದ ನಂತರವೇ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ನಿರ್ಧಾರ ಜಾರಿಯಾಗುತ್ತದೆ.

2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವ ಅನುಮತಿಯಲ್ಲ. ಅಂಥದ್ದು ಭಾರತದಲ್ಲಿ ಅಪರಾಧವಾಗಿಯೇ ಉಳಿದಿದೆ. ಪ್ರಯೋಜನವಿಲ್ಲದ ಕೃತಕ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಅಥವಾ ಆರಂಭಿಸದೆ ಇರುವುದಕ್ಕೆ ಮಾತ್ರ ಇದು ಸಂಬಂಧಿಸಿದೆ. ಸಲ್ಲೇಖನ ವ್ರತಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ.

ಸಮಾಜದಲ್ಲಿ ಇಂತಹ ಕೂಟ ನಡೆಸುವುದಾದರೆ

ಬಸದಿಯ ಸಭಾಭವನದಲ್ಲೋ, ಮಹಿಳಾ ಸಮಾಜದ ಕೊಠಡಿಯಲ್ಲೋ ಇದನ್ನು ನಡೆಸಲು ಬಯಸುವವರು ಕೆಲವು ಅಂಶಗಳನ್ನು ಗಮನಿಸಬಹುದು.

• ಸಂಜೆ ನಾಲ್ಕರ ಸುಮಾರಿಗೆ ಆರಂಭಿಸಿದರೆ ಸೂರ್ಯಾಸ್ತಕ್ಕೆ ಮುನ್ನ ತಿಂಡಿಯೂ ಮಾತೂ ಮುಗಿಯುತ್ತದೆ. ಕೇಕಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಅವಲಕ್ಕಿ, ಹಣ್ಣು, ಬೆಲ್ಲದ ಪಾನಕ ಅದೇ ಕೆಲಸ ಮಾಡುತ್ತವೆ.

• ಚಿಕ್ಕ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಅಲ್ಲಿ ಗೋಪ್ಯತೆಯ ನಿಯಮವನ್ನು ಎರಡು ಪಟ್ಟು ಬಿಗಿಯಾಗಿ ಹೇಳಬೇಕು. ಒಂದೇ ಮನೆಯವರನ್ನು ಬೇರೆ ಬೇರೆ ಗುಂಪಿನಲ್ಲಿ ಕೂರಿಸುವುದು ಒಳ್ಳೆಯದು. ಪಕ್ಕದ ಊರಿನವರನ್ನು ಕರೆದರೆ ಇನ್ನೂ ಅನುಕೂಲ.

• ಫೋಟೋ, ವಿಡಿಯೋ, ಸನ್ಮಾನ, ಹಾರ ಬೇಡ. ವಾಟ್ಸಾಪ್ ಗುಂಪಿನಲ್ಲಿ ವರದಿಯೂ ಬೇಡ.

• ಪ್ರವಚನ ಬೇರೆ ದಿನ ಇರಲಿ. ಆ ಹೊತ್ತಿನಲ್ಲಿ ಶಾಸ್ತ್ರ ಬಲ್ಲವರೂ ಕೇಳುಗರಾಗಿರಲಿ. ಭಯ ಹೇಳಿಕೊಂಡವರಿಗೆ ಶ್ಲೋಕದಿಂದ ಉತ್ತರ ಕೊಟ್ಟರೆ ಅವರು ಮತ್ತೆ ಮಾತನಾಡುವುದಿಲ್ಲ.

ಮನೆಯಲ್ಲಿ ಕೇಳಿಕೊಳ್ಳಬಹುದಾದ ಪ್ರಶ್ನೆಗಳು

ಕೂಟಕ್ಕೆ ಹೋಗಲಿ, ಹೋಗದಿರಲಿ, ಈ ಕೆಳಗಿನ ಪ್ರಶ್ನೆಗಳನ್ನು ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಮಾತನಾಡಿಕೊಳ್ಳುವುದು ಒಳ್ಳೆಯದು.

• ಕಾಯಿಲೆ ಗಂಭೀರ ಎಂದು ತಿಳಿದರೆ ಪೂರ್ತಿ ನಿಜ ನಿಮಗೆ ಹೇಳಬೇಕೇ? ಯಾರು ಹೇಳಿದರೆ ಒಳ್ಳೆಯದು?

• ಕೊನೆಯ ದಿನಗಳಲ್ಲಿ ಮನೆಯಲ್ಲಿ ಇರಲು ಬಯಸುತ್ತೀರೋ, ಆಸ್ಪತ್ರೆಯಲ್ಲೋ?

• ವೆಂಟಿಲೇಟರ್, ನಾಳದ ಮೂಲಕ ಆಹಾರ, ಮತ್ತೆ ಮತ್ತೆ ಐಸಿಯು, ಇವುಗಳ ಬಗ್ಗೆ ನಿಮ್ಮ ಇಚ್ಛೆ ಏನು?

• ನಿಮಗೆ ಮಾತನಾಡಲು ಆಗದಿದ್ದಾಗ ನಿಮ್ಮ ಪರವಾಗಿ ನಿರ್ಧರಿಸುವವರು ಯಾರು? ಅದು ಅವರಿಗೆ ಗೊತ್ತಿದೆಯೇ?

• ಆಹಾರ ನಿಯಮ, ತ್ಯಾಗ, ವ್ರತಗಳ ಬಗ್ಗೆ ನಿಮ್ಮ ಬಯಕೆ ಏನು? ಯಾವ ಗುರುಗಳನ್ನು ಕಾಣಬೇಕು? ಯಾವ ಪಾಠ ಕಿವಿಗೆ ಬೀಳಬೇಕು?

• ನೇತ್ರದಾನ, ದೇಹದಾನದ ಬಗ್ಗೆ ಏನು ಅಭಿಪ್ರಾಯ?

• ಯಾರ ಬಳಿ ಕ್ಷಮೆ ಕೇಳುವುದು ಬಾಕಿ ಇದೆ?

ಎಲ್ಲವನ್ನೂ ಒಂದೇ ದಿನ ಮುಗಿಸಬೇಕಾಗಿಲ್ಲ. ಮೊದಲ ಸಲ ಹಿರಿಯರು ಮಾತು ತಿರುಗಿಸಿದರೆ ಬಲವಂತ ಬೇಡ. ಇನ್ನೊಂದು ಸಂಜೆ ಮತ್ತೆ ಕೇಳಬಹುದು. ಅನೇಕ ಬಾರಿ ಹಿರಿಯರೇ ಮಾತು ಎತ್ತುತ್ತಾರೆ, ಮಕ್ಕಳೇ ತಡೆಯುತ್ತಾರೆ. ಆಗ ತಡೆಯದೆ ಕೇಳಿಸಿಕೊಳ್ಳುವುದೂ ಒಂದು ಸೇವೆ. ಪರ್ಯುಷಣದ ಕೊನೆಯಲ್ಲಿ ಕ್ಷಮಾವಣಿಯ ದಿನ ಎಲ್ಲರ ಬಳಿಯೂ ಕ್ಷಮೆ ಕೇಳುವ ಅಭ್ಯಾಸ ನಮ್ಮಲ್ಲಿದೆ. ಪಟ್ಟಿಯ ಕೊನೆಯ ಪ್ರಶ್ನೆಯಿಂದ ಶುರು ಮಾಡಲು ಆ ದಿನಕ್ಕಿಂತ ಒಳ್ಳೆಯ ಸಮಯ ಸಿಗಲಿಕ್ಕಿಲ್ಲ.